‘ಮಾಡನ ಬುಡಿ’ಯನ್ನು ಇಂಗ್ಲಿಷಿನಲ್ಲಿ ಏನೆನ್ನಬೇಕು

ಗುಂಡ್ಲುಪೇಟೆ ಬಸ್ ನಿಲ್ದಾಣ

ನಮ್ಮ ಕಡೆ ಯಾರೂ ಯಾರಿಗೂ ‘ಇಲ್ಲ’ ಅನ್ನುವುದಿಲ್ಲ. ಮದುವೆಗೆ ಬನ್ನಿ ಅಂದರೆ ‘ಬರನ ಬುಡಿ’. ಹುಡುಗನಿಗೊಂದು ಕೆಲಸ ನೋಡಿ ಅಂದರೆ ‘ನೋಡನ ಬುಡಿ’. ದೀಪ, ಚರಂಡಿ, ರಸ್ತೆ, ಏನು ಕೇಳಿದರೂ ‘ಮಾಡನ ಬುಡಿ’. ಮಾಡೋಣ ಬಿಡಿ ಎಂಬ ಈ ಎರಡು ಪದಕ್ಕೆ ಮಾಡುತ್ತೇವೆ ಅಂತಲೂ ಅರ್ಥವಿಲ್ಲ, ಮಾಡುವುದಿಲ್ಲ ಅಂತಲೂ ಇಲ್ಲ. ಬಾಯಿಬಿಟ್ಟು ಕೇಳಿದವರನ್ನು ಹಾಗೇ ಕಳಿಸಬಾರದಲ್ಲ, ಅದಕ್ಕೊಂದು ಮಾತು. ಮುಖ ನೋಡಿಕೊಂಡು ‘ಆಗಲ್ಲ’ ಅಂದುಬಿಟ್ಟರೆ ಆ ಮನೆಯ ನೀರು ಕುಡಿಯುವುದು ಅಲ್ಲಿಗೆ ಮುಗಿಯಿತು. ಹುಟ್ಟಿದಾಗಿನಿಂದ ಇದನ್ನೇ ಕೇಳಿಕೊಂಡು, ಇದನ್ನೇ ಆಡಿಕೊಂಡು ಬೆಳೆದವಳು ನಾನು. ಅಂಥವಳು ಸ್ಕಾಟ್ಲೆಂಡಿಗೆ ಹೋಗಿ ಇದೇ ಮಾತಿನ ಮೇಲೆ ಕಾಲು ಜಾರಿ ಬಿದ್ದೆ.

ನಾನು ಬೇಗೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ರಾಜಕಾರಣಿ ಅಂದರೆ ಮೊದಲಿನಿಂದಲೂ ನನಗೆ ಮೈ ಉರಿ. ಆದರೆ ಪ್ರವಾಸಕ್ಕೆ ಹೊರಟದ್ದು ಒಬ್ಬ ರಾಜಕಾರಣಿಯ ಜೊತೆಯಲ್ಲೇ. ಪಂಚಾಯಿತಿಯ ಹೆಣ್ಣುಮಕ್ಕಳಿಗೆ ಹೊರದೇಶದ ಸಣ್ಣ ಊರುಗಳ ಆಡಳಿತ ತೋರಿಸಿಕೊಂಡು ಬರುವ ಒಂದು ಸಂಸ್ಥೆಯವರು ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷೆ ಮಹದೇವಮ್ಮನನ್ನು ಆರಿಸಿದ್ದರು. ಜೊತೆಗೆ ಇಂಗ್ಲಿಷ್ ಬಲ್ಲ ಹೆಂಗಸೊಬ್ಬಳು ಬೇಕು ಅಂದಾಗ ಆಕೆ ನೇರವಾಗಿ ನನ್ನ ಹೆಸರು ಹೇಳಿದಳಂತೆ. ಕಂಡಕಂಡಲ್ಲಿ ಬಸ್ಸಿನ ವಿಷಯ ತೆಗೆದು ಜಗಳ ಆಡುವ ನನ್ನನ್ನು ಯಾಕೆ ಕರೆದಿರಿ ಎಂದು ಕೇಳಿದೆ. “ಒಗಳೋರ್ನ ಕರ್ಕೊಂಡೋದ್ರ ಅವರು ಏಳೋದ್ರಲ್ಲಿ ಅರ್ಧ ನುಂಗ್ಕತರ ಕಣಮ್ಮ. ನೀನು ಬಯ್ಯೋಳು. ಇದ್ದುದ್ದ ಇದ್ದಂಗೆ ಏಳ್ತೀಯ” ಅಂದಳು. ಅಧ್ಯಕ್ಷೆಯನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಮುನಿಸಿಕೊಳ್ಳಬೇಡಿ. ಒಂದೇ ಕೋಣೆಯಲ್ಲಿ ಮಲಗಿ ಆಕೆಯ ಗೊರಕೆ ಕೇಳಿದ ಮೇಲೆ ನನ್ನ ಬಾಯಿಗೆ ಬಹುವಚನ ಬರುವುದಿಲ್ಲ.

ಬಸ್ಸಿನ ವಿಷಯ ಇಷ್ಟು. ಹೊಂಗೇಹುಂಡಿ ಅಂತ ಕಾಡಂಚಿನ ಒಂದು ಸಣ್ಣ ಊರು, ನಮ್ಮ ಪಂಚಾಯಿತಿಗೆ ಸೇರಿದ್ದು. ಅಲ್ಲಿನ ಹುಡುಗಿಯರು ನಮ್ಮ ಶಾಲೆಗೆ ನಡೆದು ಬರಬೇಕು. ದಾರಿಯಲ್ಲಿ ಆನೆ ಇಳಿದರೆ ಅವತ್ತು ಶಾಲೆ ಇಲ್ಲ. ಊರಿಗೆ ಬಸ್ಸು ಬಿಡಿಸುತ್ತೇನೆ ಎಂದು ಮಹದೇವಮ್ಮ ಚುನಾವಣೆಯಲ್ಲಿ ಹೇಳಿದ್ದಳು. ಈ ಸಲ ಶಾಲೆ ತೆರೆದಾಗ ಹತ್ತನೇ ಕ್ಲಾಸಿನ ಪವಿತ್ರ ಬರಲೇ ಇಲ್ಲ. ಓದುವ ಹುಡುಗಿ. ಅವಳಪ್ಪ ಶಿವಣ್ಣನಿಗೆ ಹೇಳಿ ಕಳಿಸಿದರೆ, “ಎಂಗಿದ್ರೂ ಬಸ್ಸು ಬತ್ತದಲ್ಲ, ಬಂದ್ಮೇಲ ಕಳಿಸ್ತೀನಿ. ಅಲ್ಲೀಗಂಟ ಮನಲೇ ಇರ್ಲಿ” ಎಂದು ಉತ್ತರ ಬಂತು.

ನಾವು ಹೊರಟ ದಿನ ಪವಿತ್ರಳ ಅಜ್ಜಿ ಸಿದ್ದಮ್ಮ ಗುಂಡ್ಲುಪೇಟೆ ಬಸ್ ನಿಲ್ದಾಣದವರೆಗೂ ಬಂದಿದ್ದಳು. ಮಹದೇವಮ್ಮನ ಕೊರಳಲ್ಲಿ ಅವಳದೇ ಹೊಲದ ಚೆಂಡುಹೂವಿನ ದಪ್ಪ ಹಾರ, ಸುತ್ತ ಫೋಟೋ ತೆಗೆಯುವವರು. ಅಜ್ಜಿ ನುಗ್ಗಿಕೊಂಡು ಬಂದು ಕೈ ಹಿಡಿದುಕೊಂಡಳು.

“ನಮ್ಮೂರ್ಗ ಬಸ್ಸು ಯಾವಾಗ ಬತ್ತದ ಕವ್ವ? ಕೂಸು ದಿನಾ ಪುಸ್ತಕ ಇಡ್ಕಂಡು ಜಗಲಿ ಮೇಲ ಕುಂತಿರ್ತದ.”

“ಮಾಡನ ಬುಡವ್ವ. ನಾ ಬಂದ್ಮೇಲ ಮೊದಲ್ನೇ ಕೆಲ್ಸ ಅದೇಯ.”

ಅಜ್ಜಿಯ ಮುಖ ಅರಳಿತು. ನನಗೆ ಸಿಟ್ಟು ಬಂತು, ಆದರೆ ಹಾರ ಹಾಕಿಕೊಂಡವರ ಜೊತೆ ಬಸ್ ನಿಲ್ದಾಣದಲ್ಲಿ ಜಗಳ ಆಡಲಾಗುವುದಿಲ್ಲ. ಮೈಸೂರು ಬಸ್ಸು ಹತ್ತಿದೆವು.

ಜೀನಮ್ಮನ ಮನೆ

ವಿಮಾನದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಮಹದೇವಮ್ಮ ನಿದ್ದೆ ಮಾಡಿದಳು, ನಾನು ಹೆದರಿಕೊಂಡು ಕುಳಿತಿದ್ದೆ. ಇಳಿದು, ಎರಡು ರೈಲು ಒಂದು ಬಸ್ಸು ಹತ್ತಿ ಸೇರಿದ್ದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಒಂದು ಮೀನುಗಾರರ ಊರು. ನಮ್ಮ ಬೇಗೂರಿಗಿಂತ ಚಿಕ್ಕದು. ಎತ್ತ ತಿರುಗಿದರೂ ಕಲ್ಲಿನ ಮನೆ, ಎತ್ತ ತಿರುಗಿದರೂ ಗಾಳಿ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ, ಅವನು ಪ್ರತಿಯೊಬ್ಬರಿಗೂ ತಲೆ ಆಡಿಸುತ್ತಾನೆ. ನಮ್ಮ ಕಡೆ ಹಾಗೆ ಹೇಳಿದರೆ ಡ್ರೈವರು ಏನೋ ಬಿಟ್ಟು ಇಳಿದಿದ್ದೀರಿ ಅಂತ ಸೀಟಿನ ಕೆಳಗೆ ಹುಡುಕುತ್ತಾನೆ.

ಉಳಿದುಕೊಂಡದ್ದು ಜೀನ್ ಎಂಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ಬಚ್ಚಲ ಬೇಸಿನ್ನಿಗೆ ಎರಡು ನಲ್ಲಿ. ಒಂದರಲ್ಲಿ ಕೈ ಬೇಯುವ ನೀರು, ಇನ್ನೊಂದರಲ್ಲಿ ಕೈ ಮರಗಟ್ಟುವ ನೀರು. ನಡುವಿನ ನೀರು ಎಲ್ಲಿ ಬರುತ್ತದೆ ಎಂದು ಮಹದೇವಮ್ಮ ಕೇಳಿದಳು. ಇಂಥ ದೊಡ್ಡ ದೇಶಕ್ಕೆ ಅದೊಂದು ತೋಚಿಲ್ಲವಲ್ಲ ಎಂದು ನನಗೂ ಅನ್ನಿಸಿತು. ಒಂದು ಚೊಂಬು ಸಿಕ್ಕಿದ್ದರೆ ಬಗೆಹರಿಯುತ್ತಿತ್ತು. ಜೀನಮ್ಮನ ಹೂದಾನಿಯಲ್ಲಿ ಬೆರೆಸಿಕೊಂಡು ಮುಖ ತೊಳೆದೆವು.

ನನ್ನ ಇಂಗ್ಲಿಷಿನ ಜಂಬ ಮೊದಲ ದಿನವೇ ಇಳಿಯಿತು. ಜೀನಮ್ಮ ಆಡುವುದು ಇಂಗ್ಲಿಷೇ ಹೌದೋ ಅಲ್ಲವೋ ತಿಳಿಯಲಿಲ್ಲ. ಮಾತಿಗೊಮ್ಮೆ ನನ್ನನ್ನು ‘ಹೆನ್’ ಅನ್ನುತ್ತಿದ್ದಳು. ಕೋಳಿ ಅಂತ ಕರೀತಾಳಲ್ಲ ಎಂದು ನನಗೆ ಉರಿದುಹೋಯಿತು. ಮಹದೇವಮ್ಮ ಮಾತ್ರ ಹುರಿಹಿಟ್ಟು ಕಲಸುತ್ತಾ, “ನಾವು ಮಕ್ಕಳ ಗಿಣಿ ಅನ್ನಲ್ವ, ಅಂಗೇ ಇದ್ದದು ಬುಡು” ಅಂದಳು. ವಿಚಾರಿಸಿದರೆ ನಿಜಕ್ಕೂ ಹಾಗೇ. ಅಲ್ಲಿ ಪ್ರೀತಿಗೆ ಹೆಂಗಸರನ್ನು ಕೋಳಿ ಅನ್ನುತ್ತಾರೆ.

ಮರುದಿನ ಬಂದರಿನ ಕಟ್ಟೆಯ ಮೇಲೆ ಕುಳಿತು ಊರಿನಿಂದ ತಂದ ನಿಪ್ಪಟ್ಟು ತೆಗೆದೆವು. ಬಾಯಿಗೆ ಇಡುವಷ್ಟರಲ್ಲಿ ಕೋಳಿಗಿಂತ ದೊಡ್ಡದೊಂದು ಬಿಳಿ ಹಕ್ಕಿ ಎಗರಿ ಕೈಯಿಂದಲೇ ಕಿತ್ತುಕೊಂಡು ಹೋಯಿತು. “ಬಂಡೀಪುರದ ಕೋತಿಗ ರೆಕ್ಕ ಬಂದದಲ್ಲ ಟೀಚರಮ್ಮ” ಅಂದಳು ಮಹದೇವಮ್ಮ.

ಸಂಜೆ ಟೀ ಕುಡಿಯುವಾಗ ಜೀನಮ್ಮನನ್ನು ಕೇಳಿದೆ, ಇಲ್ಲಿನ ರಾಜಕಾರಣಿಗಳು ಹೇಗೆ ಅಂತ. ಅದನ್ನು ಕಲಿಯಲು ತಾನೆ ನಾವು ಬಂದದ್ದು. ಜೀನಮ್ಮ ಟೀ ಲೋಟ ಕೆಳಗಿಟ್ಟು, ಎಲ್ಲರೂ ಒಂದೇ, ಬಾಯಿ ತೆಗೆದರೆ ಸುಳ್ಳು, ವೋಟಿನ ಹೊತ್ತಿಗೆ ಬಾಗಿಲು ತಟ್ಟುತ್ತಾರೆ, ಆಮೇಲೆ ಕಣ್ಣಿಗೆ ಬೀಳುವುದಿಲ್ಲ ಅಂದಳು. ಇಷ್ಟು ದೂರ ಬಂದು ಈ ಮಾತು ಕೇಳಬೇಕಿತ್ತೆ ಎಂದು ನನಗೆ ನಗು ಬಂತು. ಅನುವಾದ ಮಾಡಿ ಹೇಳಿದೆ. ಮಹದೇವಮ್ಮ ಗಂಭೀರವಾಗಿ ತಲೆಯಾಡಿಸಿ, “ನಮ್ಮೂರ್ನವರಂಗೇ ಮಾತಾಡ್ತಳಲ್ಲ” ಅಂದಳು. ಜೀನಮ್ಮ ಆಮೇಲೆ ಇನ್ನೊಂದು ಮಾತು ಸೇರಿಸಿದಳು. ನಮ್ಮ ಮೋರಾಗ್ ಮಾತ್ರ ಬೇರೆ ಥರ, ಅವಳು ಒರಟು ಹೆಂಗಸು.

ಗ್ರಂಥಾಲಯ

ಮೋರಾಗ್ ಆ ಊರಿನ ಕೌನ್ಸಿಲರ್. ಅಂದರೆ ನಮ್ಮ ಮಹದೇವಮ್ಮನಂಥವಳೇ, ಆ ಸೀಮೆಗೆ ಆರಿಸಿ ಬಂದವಳು. ನಮಗೆ ಕೊಟ್ಟಿದ್ದ ಕಾರ್ಯಕ್ರಮದಲ್ಲಿ ಮರುದಿನದ ಬೆಳಿಗ್ಗೆಗೆ ‘ಕೌನ್ಸಿಲರ್ಸ್ ಸರ್ಜರಿ, ಗ್ರಂಥಾಲಯದಲ್ಲಿ’ ಎಂದಿತ್ತು. ನಾನು ಓದಿ ಹೇಳಿದೆ: “ಪಾಪ, ನಾಳೆ ಅವಳಿಗೆ ಆಪರೇಷನ್ ಇದೆಯಂತೆ.”

“ಲೈಬ್ರರೀಲಾ?”

“ಇಲ್ಲಿನ ಪದ್ಧತಿ ಏನೋ.”

ಮಹದೇವಮ್ಮ ಎದ್ದು ಕುಳಿತಳು. ಕಾಯಿಲೆಯವರನ್ನು ನೋಡಲು ಬರಿಗೈಲಿ ಹೋಗುವುದುಂಟೆ? ಬೆಳಿಗ್ಗೆ ಅಂಗಡಿಯಲ್ಲಿ ಬಾಳೆಹಣ್ಣು, ಕಿತ್ತಳೆ ತೆಗೆದುಕೊಂಡೆವು. ತನ್ನ ಪೆಟ್ಟಿಗೆಯ ತಳದಿಂದ ಮಾದಪ್ಪನ ಬೆಟ್ಟದ ವಿಭೂತಿ ಪೊಟ್ಟಣ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶಾಲು, ಚಪ್ಪಲಿಯ ಒಳಗೆ ಕಾಲುಚೀಲ. ದಾರಿಯುದ್ದಕ್ಕೂ ‘ಏನು ಕಾಯಿಲೆಯೋ ಏನೋ’ ಎಂದು ಗೊಣಗುತ್ತಾ ಬಂದಳು.

ಗ್ರಂಥಾಲಯದ ಮೂಲೆಯಲ್ಲಿ ಮೇಜಿನ ಹಿಂದೆ ಗಟ್ಟಿಮುಟ್ಟಾದ ಹೆಂಗಸು ಕುಳಿತಿದ್ದಳು. ಎದುರಿಗೆ ನಾಲ್ಕಾರು ಜನ ಕುರ್ಚಿಗಳಲ್ಲಿ ಕಾಯುತ್ತಿದ್ದರು. ನಾನು ಮುಂದೆ ಹೋಗಿ, ಆಪರೇಷನ್ ಯಾವಾಗ, ಡಾಕ್ಟರು ಏನಂದರು ಎಂದು ಕೇಳಿದೆ. ಅವಳು ಅರ್ಥವಾಗದೆ ನೋಡಿದಳು. ಆಮೇಲೆ ಅರ್ಥವಾಗಿ ಮೇಜಿಗೆ ತಲೆ ಇಟ್ಟು ನಕ್ಕಳು. ಆರಿಸಿ ಬಂದವರು ಜನರ ದೂರು ಕೇಳಲು ಕೂರುವುದಕ್ಕೆ ಅಲ್ಲಿ ಸರ್ಜರಿ ಅನ್ನುತ್ತಾರಂತೆ. ಮಕ್ಕಳಿಗೆ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಕಾಯುತ್ತಿದ್ದವರೆಲ್ಲ ನಗುತ್ತಿದ್ದರು. ಮಹದೇವಮ್ಮ ಮಾತ್ರ ತಂದದ್ದನ್ನು ವಾಪಸು ಒಯ್ಯುವವಳಲ್ಲ. ಹಣ್ಣು ಮೇಜಿನ ಮೇಲಿಟ್ಟು, ಮೋರಾಗ್‌ಳ ಹಣೆಗೆ ವಿಭೂತಿ ಹಚ್ಚಿದಳು. ಅವಳು ಕಣ್ಣು ಮುಚ್ಚಿಕೊಂಡು ಹಚ್ಚಿಸಿಕೊಂಡಳು. ಬೆಳಗಿನ ದೂರುಗಳನ್ನೆಲ್ಲ ವಿಭೂತಿ ಹಣೆಯಲ್ಲೇ ಕೇಳಿದಳು.

ನಾವು ಪಕ್ಕದಲ್ಲಿ ಕುಳಿತೆವು. ಮೊದಲು ಬಂದವನು ಕೋಲೂರಿಕೊಂಡ ಒಬ್ಬ ಮುದುಕ. ತನ್ನ ಬೀದಿಯ ಏರಿಗೆ ಬಸ್ಸು ಬರಬೇಕು ಎಂಬುದು ಅವನ ಬೇಡಿಕೆ. ಬಸ್ಸು ಎಂದು ಕೇಳಿದ ಕೂಡಲೇ ಮಹದೇವಮ್ಮ ನೆಟ್ಟಗಾದಳು. ಮೋರಾಗ್ ಅವನ ಕಣ್ಣು ನೋಡಿಕೊಂಡು, “ಇಲ್ಲ. ನಾನು ಕೇಳಿ ನೋಡಿದೆ, ಬರುವುದಿಲ್ಲ. ರಸ್ತೆ ಕಿರಿದು. ನೀನು ಕಾಯಬೇಡ” ಅಂದಳು. ಬೇರೆ ಏನು ಅನುಕೂಲ ಇದೆ, ವಾರಕ್ಕೊಮ್ಮೆ ಸಂತೆಗೆ ಕರೆದೊಯ್ಯುವವರು ಯಾರಿದ್ದಾರೆ, ಎಲ್ಲ ಹೇಳಿದಳು. ಮುದುಕ ಕೆಂಪಗಾದ. ನಿನಗೆ ವೋಟು ಹಾಕಿದ್ದೇ ದಂಡ ಎಂದು ಕೋಲು ಕುಟ್ಟಿದ. ಎದ್ದು ನಿಂತು ಸ್ವಲ್ಪ ಹೊತ್ತು ಯೋಚಿಸಿ, “ಸರಿ, ಹಾಗಾದರೆ ಕರೆದೊಯ್ಯಲು ಮಗಳಿಗೆ ಹೇಳುತ್ತೇನೆ” ಎಂದು ಅವಳ ಕೈ ಕುಲುಕಿ ಹೋದ.

ಮಹದೇವಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. “ಮೊಕಕ್ಕ ಒಡ್ದಂಗ ಇಲ್ಲ ಅಂದ್ಬುಟ್ಲಲ್ಲ. ನಮ್ಮೂರ್ಲಿ ಇಂಗಂದ್ರ ಮುಂದ್ಲ ಸಲ ಡಿಪಾಜಿಟ್ಟೂ ಬರಲ್ಲ.” ಅದನ್ನೇ ಮೋರಾಗ್‌ಗೆ ಹೇಳಿದೆ. ತನಗೂ ಬರದೇ ಇರಬಹುದು, ಅರ್ಧ ಊರು ತನ್ನನ್ನು ಬೈಯುತ್ತದೆ, ಬೈಯುವವರು ಬಂದು ಮುಖದ ಮೇಲೆ ಬೈದರೆ ವಾಸಿ ಎಂದಳು. ಜೀನಮ್ಮ ಇವಳನ್ನು ಒರಟು ಅಂದದ್ದು ಯಾಕೆಂದು ನನಗೆ ಅರ್ಥವಾಯಿತು.

ಸಮುದಾಯ ಭವನ

ಅವತ್ತು ಮಧ್ಯಾಹ್ನ ಊರಿನ ಹೆಂಗಸರು ನಮ್ಮನ್ನು ಟೀಗೆ ಕರೆದಿದ್ದರು. ಮಹದೇವಮ್ಮ ಫೋನಿನಲ್ಲಿ ತನ್ನ ಚೆಂಡುಹೂವಿನ ಹೊಲ, ಬಸ್ ನಿಲ್ದಾಣದ ಹಾರದ ಫೋಟೋ ತೋರಿಸಿದಳು. ಫೋನು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಹೊಗಳಿದರು. ಎಲ್ಸಿ ಎಂಬ ತೆಳ್ಳನೆಯ ಹೆಂಗಸೊಬ್ಬಳು ಮಾತ್ರ ಹಾರದ ಫೋಟೋವನ್ನೇ ನೋಡುತ್ತಾ ನಿಂತುಬಿಟ್ಟಳು. ಹೊರಡುವ ಹೊತ್ತಿಗೆ ಹತ್ತಿರ ಬಂದು, ತುಂಬಾ ಸಂಕೋಚದಿಂದ, ಭಾನುವಾರಕ್ಕೆ ತಮಗೆ ಇಂಥದೊಂದು ಹಾರ ಮಾಡಿಕೊಡಲಾದೀತೇ ಎಂದು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ.

ಮಹದೇವಮ್ಮ ಶಾಲು ಸರಿಮಾಡಿಕೊಳ್ಳುತ್ತಾ, ನಗುನಗುತ್ತಾ ಅಂದಳು: “ಅಯ್ಯೋ, ಅದಕ್ಕೇನಂತೆ, ಮಾಡನ ಬುಡಿ.”

ನಾನು ಇಂಗ್ಲಿಷಿನಲ್ಲಿ ಅಂದೆ: “ಖಂಡಿತ, ಮಾಡುತ್ತೇವೆ.”

ಎಲ್ಸಿ ನಮ್ಮಿಬ್ಬರ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು. ಹಾರಕ್ಕೆ ಇಷ್ಟೊಂದು ಯಾಕೆ ಎಂದು ನಾನು ವಿಚಾರಿಸಲಿಲ್ಲ. ಟೀ ಕಪ್ಪುಗಳನ್ನು ತೊಳೆದಿಡಲು ಅಲ್ಲಿ ಅತಿಥಿಗಳೂ ಕೈ ಹಾಕುತ್ತಾರೆ, ನನ್ನ ಗಮನ ಆ ಕಡೆಗಿತ್ತು.

ಜೀನಮ್ಮನ ಅಂಗಳ

ಮರುದಿನ ಶನಿವಾರ ನಮಗೆ ಕೋಟೆ ನೋಡುವ ಕಾರ್ಯಕ್ರಮ. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಹೂವು. ಬಕೆಟ್ಟಿನಲ್ಲಿ, ಬಾಂಡಲಿಯಲ್ಲಿ, ಮಗುವಿನ ಸ್ನಾನದ ಟಬ್ಬಿನಲ್ಲಿ. ಗುಲಾಬಿ, ಸೇವಂತಿಗೆಯ ಥರದ ಬಿಳಿ ಹೂವು, ಹೆಸರು ಗೊತ್ತಿಲ್ಲದ ನೇರಳೆ ಗೊಂಚಲು. ಊರಿನವರು ತಮ್ಮ ತಮ್ಮ ಮನೆಯ ಮುಂದಿನ ಗಿಡ ಬರಿದು ಮಾಡಿ ತಂದಿಟ್ಟು ಹೋಗಿದ್ದರು. ಇನ್ನೂ ಒಬ್ಬಳು ಗೇಟು ತೆಗೆದು ಬರುತ್ತಿದ್ದಳು.

“ಇದೇನು ಟೀಚರಮ್ಮ?”

“ಹಾರಕ್ಕೆ ಹೂವಂತೆ. ನಿನ್ನೆ ನೀವೇ ಒಪ್ಕೊಂಡ್ರಲ್ಲ.”

“ನಾ ಯಾವಾಗ ಒಪ್ಕಂಡೆ? ಮಾಡನ ಬುಡಿ ಅಂದೆ, ಅಷ್ಟೇಯ.”

“ಮಾಡೋಣ ಅಂದ್ರೆ ಮಾಡ್ತೀವಿ ಅಂತ ತಾನೆ? ಅದನ್ನೇ ಹೇಳಿದೆ.”

“ನೀನು ಗುಂಡ್ಲುಪೇಟನವಳೇ ಅಲ್ವ? ಮಾಡನ ಬುಡಿ ಅಂದ್ರ ಏನು ಅಂತ ನಿಂಗ ಗೊತ್ತಿಲ್ವ?”

ನನಗೂ ಸಿಟ್ಟು ಏರಿತು. “ಗೊತ್ತು. ಅದನ್ನ ಇಂಗ್ಲಿಷಲ್ಲಿ ಹೇಗೆ ಹೇಳ್ಲಿ ಅಂತ ನೀವೇ ಹೇಳಿ. ‘ಇವರು ಮಾಡಲ್ಲ, ಆದರೆ ನೀವು ಬೇಜಾರು ಮಾಡ್ಕೋಬೇಡಿ ಅಂತ ಸುಮ್ನೆ ಹಿಂಗಂದ್ರು’ ಅಂತ ಹೇಳ್ಬೇಕಿತ್ತಾ?”

ಮಹದೇವಮ್ಮ ಹೂವಿನ ಬಕೆಟ್ಟುಗಳನ್ನು ನೋಡಿದಳು. “ಅಂಗ ಬುಡಿಸಿ ಏಳುದ್ರ ಬಾಳ ಕೆಟ್ಟದಾಗಿ ಕೇಳ್ತದಲ್ಲ” ಅಂದಳು.

ಅಷ್ಟರಲ್ಲಿ ಮೋರಾಗ್ ಬಂದಳು. ಹಾರ ಯಾತಕ್ಕೆಂದು ಅವಳಿಂದ ತಿಳಿಯಿತು. ಬಂದರಿನ ತುದಿಯಲ್ಲಿ ಸಮುದ್ರಕ್ಕೆ ಹೋಗಿ ಮರಳದವರ ಹೆಸರು ಕೆತ್ತಿದ ಕಲ್ಲಿದೆ. ಎಲ್ಸಿಯ ಗಂಡನ ಹೆಸರೂ ಅದರಲ್ಲಿದೆ. ವರ್ಷಕ್ಕೊಮ್ಮೆ ಊರಿನವರು ಅಲ್ಲಿ ಹೂಗುಚ್ಛ ಇಡುತ್ತಾರೆ, ಇಟ್ಟ ಗಳಿಗೆಯಲ್ಲೇ ಗಾಳಿ ಎತ್ತಿ ನೀರಿಗೆ ಒಗೆಯುತ್ತದೆ. ಕಲ್ಲಿಗೆ ಸುತ್ತಿ ಕಟ್ಟುವ ಹಾರವಾದರೆ ನಿಲ್ಲುತ್ತದಲ್ಲ ಎಂದು ಎಲ್ಸಿಗೆ ಫೋಟೋ ನೋಡಿ ಹೊಳೆದಿತ್ತು. ಅವಳು ಯಾರನ್ನೂ ಏನೂ ಕೇಳುವವಳಲ್ಲ, ನಿನ್ನೆ ಕೇಳಿದ್ದು ನೋಡಿ ನನಗೇ ಆಶ್ಚರ್ಯ ಎಂದಳು ಮೋರಾಗ್.

ನಾನು ಅನುವಾದ ಮಾಡುವಷ್ಟರಲ್ಲಿ ಮಹದೇವಮ್ಮ ಸೆರಗು ಸಿಕ್ಕಿಸಿಕೊಂಡು ಅಂಗಳದಲ್ಲಿ ಕುಳಿತಾಗಿತ್ತು. ಬಾಳೆನಾರು ಕೇಳಿದಳು. ಬಾಳೆನಾರು ಎಲ್ಲಿಂದ ತರಲಿ? ಜೀನಮ್ಮ ಓಡಿಹೋಗಿ ಮೀನುಬಲೆ ಹೆಣೆಯುವ ದಾರದ ಉಂಡೆ ತಂದಳು. ಹಚ್ಚ ಹಸಿರು ದಾರ, ಮೀನಿನ ವಾಸನೆ. ಮೊದಮೊದಲು ಗಂಟು ಜಾರುತ್ತಿತ್ತು. ಬಲೆ ಹೆಣೆದು ಗೊತ್ತಿದ್ದ ಒಬ್ಬ ಅಜ್ಜಿ ಬೇರೊಂದು ಗಂಟು ತೋರಿಸಿದಳು, ಅದು ಹಿಡಿಯಿತು. ಕೋಟೆ ಅಲ್ಲಿಗೆ ಬಿಟ್ಟೆವು. ಗಾಳಿಗೆ ಹೂವು ಹಾರದಂತೆ ಹೆಂಗಸರೆಲ್ಲ ಸುತ್ತುಗಟ್ಟಿ ಕುಳಿತರು. ಎಲ್ಸಿ ಮಹದೇವಮ್ಮನ ಪಕ್ಕದಲ್ಲೇ ಕುಳಿತು ಹೂವು ಜೋಡಿಸಿ ಕೊಡುತ್ತಿದ್ದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ನನ್ನನ್ನು ಯಾರೂ ಅನುವಾದಕ್ಕೆ ಕರೆಯಲೂ ಇಲ್ಲ.

ಬಂದರಿನ ಕಲ್ಲು

ಭಾನುವಾರ ಆಕಾಶ ಬೂದಿ ಬಣ್ಣಕ್ಕಿತ್ತು. ಊರೆಲ್ಲ ಸೇರಿತ್ತು. ಹಾರವನ್ನು ಕಲ್ಲಿಗೆ ಮೂರು ಸುತ್ತು ಸುತ್ತಿ, ಬಲೆಯ ಗಂಟು ಹಾಕಿ ಕಟ್ಟಿದರು. ಗಾಳಿ ಬೀಸಿತು, ಹೂಗುಚ್ಛಗಳು ಎಂದಿನಂತೆ ಉರುಳಿ ನೀರಿಗೆ ಬಿದ್ದವು. ಹಾರ ಅಲ್ಲೇ ಇತ್ತು. ಎಲ್ಸಿ ಗಂಡನ ಹೆಸರಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆಮೇಲೆ ಬಂದು ಮಹದೇವಮ್ಮನಿಗೆ ಒಂದೇ ಮಾತು ಹೇಳಿದಳು. “ನೀವು ಮಾಡುತ್ತೇವೆ ಅಂದಿರಿ, ಮಾಡಿದಿರಿ.” ಇದನ್ನು ಕನ್ನಡದಲ್ಲಿ ಹೇಳಿದೆ. ಸುಳ್ಳು ಯಾಕೆ ಹೇಳಲಿ, ಅತ್ತುಬಿಟ್ಟೆ.

ಜನ ಚದುರಿದ ಮೇಲೆ ನಾವಿಬ್ಬರೇ ಕಟ್ಟೆಯ ಮೇಲೆ ಕುಳಿತೆವು. ಮಹದೇವಮ್ಮನ ಬೆರಳು ಹಸಿರು ದಾರಕ್ಕೆ ಕುಯ್ದು ಕೆಂಪಾಗಿತ್ತು.

“ಟೀಚರಮ್ಮ, ಒಂಗೇಹುಂಡಿಗ ಬಸ್ಸು ಬರಲ್ಲ.”

“ಯಾಕೆ?”

“ಊರ ಮುಂದ್ಲ ಮೋರಿ ಕಿರಿದು. ಅದರ ಮೇಲ ಬಸ್ಸು ತಿರುಗಲ್ಲ ಅಂತ ಡಿಪೋನವರು ಏಳ್ಬುಟ್ಟವರ. ಮೋರಿ ಅಗಲ ಆಗೋಗಂಟ ಬಸ್ಸಿನ ಮಾತೇ ಇಲ್ಲ.”

“ಯಾವಾಗ ಹೇಳಿದ್ರು?”

“ಇಸ್ಕೂಲು ಸುರುವಾಗಕ ಮೊದಲೇಯ.”

ನನಗೆ ತಲೆ ಸಿಡಿದುಹೋಯಿತು. ಆ ಹುಡುಗಿ ಪುಸ್ತಕ ಇಟ್ಟುಕೊಂಡು ಜಗಲಿ ಮೇಲೆ ಕೂತಿರುವುದು ಯಾರಿಂದ, ಬಸ್ಸಿಲ್ಲ ಅಂತ ಗೊತ್ತಾಗಿದ್ದರೆ ಅವಳಪ್ಪ ಬೇರೆ ದಾರಿ ನೋಡುತ್ತಿರಲಿಲ್ಲವೇ, ಬಸ್ ನಿಲ್ದಾಣದಲ್ಲಿ ಆ ಮುದುಕಿಯ ಮುಖ ನೋಡಿದಿರಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ.

“ಎಲ್ರಿಗೂ ಅಂದಂಗೇ ಅಂದೆ ಕಣಮ್ಮ. ಎಲ್ರೂ ಅಂದಂಗೇ. ಆ ಮುದುಕಿ ನಿಜ ಅಂತ ತಕ್ಕತದ ಅನ್ನಾದು ನಂಗೂ ಗೊತ್ತಿತ್ತು. ಬೇಕಾದೋರಿಗ ಅದು ನಿಜವಾಗೇ ಕೇಳ್ತದ.” ಸೆರಗಿನಿಂದ ಬೆರಳು ಒರೆಸಿಕೊಂಡಳು. “ಓದ ತಕ್ಷಣ ಏಳ್ಬುಡ್ತೀನಿ.”

“ಹೇಳ್ತೀನಿ ಅಂತೀರೋ, ಹೇಳನ ಬುಡು ಅಂತೀರೋ?” ಎಂದೆ. ಸಿಟ್ಟಿನಲ್ಲೇ ಅಂದದ್ದು. ಆದರೆ ಆಕೆಗೆ ನಗು ಬಂತು, ನನಗೂ ಬಂತು.

ಹೊಂಗೇಹುಂಡಿ

ವಾಪಸು ಬಂದ ಮೇಲೆ ನಂಬಿಕೆ ಇಲ್ಲದೆಯೇ ನಾನೂ ಮಹದೇವಮ್ಮನ ಹಿಂದೆ ಹೋದೆ. ಅಲ್ಲಿ ಸಮುದ್ರದ ದಂಡೆಯಲ್ಲಿ ಹೇಳುವುದು ಸುಲಭ, ಇಲ್ಲಿ ಹೊಂಗೆಮರದ ಕಟ್ಟೆಯ ಮುಂದೆ ಹೇಳುವುದು ಬೇರೆ. ಊರಿನವರು ಕುರ್ಚಿ ತಂದಿಟ್ಟರು, ಟೀ ಕೊಟ್ಟರು, ಫಾರಿನ್ನು ಹೇಗಿತ್ತು ಅಂದರು. ಸಿದ್ದಮ್ಮ ಮುಂದೆಯೇ ಕುಳಿತಿದ್ದಳು, ಪಕ್ಕದಲ್ಲಿ ಪವಿತ್ರ. ಕೊನೆಗೆ ಶಿವಣ್ಣ ಕೇಳಿದ: “ಬಸ್ಸಿಂದು ಏನಾಯ್ತಕ್ಕ?”

ಮಹದೇವಮ್ಮನ ಬಾಯಲ್ಲಿ ‘ಮಾ’ ಎಂಬುದು ಬಂದದ್ದು ನನಗೆ ಕೇಳಿಸಿತು. ಟೀ ಲೋಟ ಕೆಳಗಿಟ್ಟು ಎದ್ದು ನಿಂತಳು.

“ಬಸ್ಸು ಬರಲ್ಲ ಕಣಪ್ಪ. ನೀವು ಕಾಯ್ಬೇಡಿ.”

ಮೋರಿಯ ವಿಷಯ, ಡಿಪೋದವರು ಹೇಳಿದ್ದು, ಯಾವಾಗ ಹೇಳಿದ್ದು, ಎಲ್ಲ ಬಿಡಿಸಿ ಹೇಳಿದಳು. ಶಿವಣ್ಣನ ಮುಖ ಗಂಟಾಯಿತು.

“ಇದ ಮೊದಲೇ ಏಳಿದ್ರ ಏನಾಯ್ತಿತ್ತು?”

“ವೋಟು ಓಯ್ತಿತ್ತು. ಅದಕೇ ಏಳ್ನಿಲ್ಲ.”

“ಈಗ ಓಗಲ್ವ?”

“ಓದ್ರ ಓಗ್ಲಿ ಕಣ.”

ಹಿಂದೆ ನಿಂತಿದ್ದ ಒಬ್ಬ, ಇನ್ನೊಂಚೂರು ಬಲವಂತ ಮಾಡಿದರೆ ಬಸ್ಸು ಬರುತ್ತದೆ, ಅದಕ್ಕೇ ಹೀಗೆ ಆಟ ಆಡಿಸುತ್ತಿದ್ದಾರೆ ಅಂದ. ಸಿದ್ದಮ್ಮ ತಿರುಗಿ ಅವನನ್ನು ನೋಡಿದಳು. “ಸುಮ್ಕಿರ್ಲಾ. ಇಲ್ಲ ಅನ್ನಾಕ ಯಾರಾರ ಸುಳ್ಳೇಳ್ತರಾ? ಈಗ ಊಂ ಅಂದಿದ್ರ ನಾನೂ ನಂಬ್ತಿರ್ನಿಲ್ಲ. ಇಲ್ಲ ಅಂದವಳ, ಅದ್ಕೇ ನಂಬ್ತೀನಿ.”

ಆಮೇಲೆ ನಡೆದದ್ದು ನಾನು ಎಣಿಸದೇ ಇದ್ದದ್ದು. ಬೈಗುಳ ಒಂದು ಸುತ್ತು ಮುಗಿಯಿತು. ಅದು ಮುಗಿದ ಮೇಲೆ, ಹಂಗಾರೆ ಮುಂದೇನು ಎಂದು ಮಾತು ತಾನಾಗಿ ಹೊರಳಿತು. ಅದೇ ಊರಿನ ಚಿಕ್ಕಮಾದುವಿನ ಟೆಂಪೋ ದಿನಾ ಬೆಳಿಗ್ಗೆ ಚೆಂಡುಹೂವು ತುಂಬಿಕೊಂಡು ಬೇಗೂರಿನ ಮೇಲೆಯೇ ಗುಂಡ್ಲುಪೇಟೆಗೆ ಹೋಗುತ್ತದೆ, ಸಂಜೆ ಖಾಲಿ ಬರುತ್ತದೆ. ಇಷ್ಟು ದಿನ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ, ಯಾಕೆಂದರೆ ಬಸ್ಸು ಬರುವುದಿತ್ತಲ್ಲ. ಮುಂದಿನ ಸೀಟಿನಲ್ಲಿ ಇಬ್ಬರು, ಹಿಂದೆ ಮೂಟೆ ಸರಿಸಿದರೆ ಇನ್ನು ಮೂವರು ಎಂದು ಚಿಕ್ಕಮಾದು ಲೆಕ್ಕ ಹಾಕಿದ. ಹೆಣ್ಮಕ್ಕಳ ಜೊತೆಗೆ ದೊಡ್ಡವರು ಬೇಕು ಅಂದದ್ದಕ್ಕೆ ಸಿದ್ದಮ್ಮ ತಾನೇ ಹೋಗುತ್ತೇನೆ ಅಂದಳು. ಶಿವಣ್ಣ ಗೊಣಗಿದ, ಆದರೆ ಬೇಡ ಅನ್ನಲಿಲ್ಲ.

ಮಹದೇವಮ್ಮ ಇನ್ನೂ ನಿಂತೇ ಇದ್ದಳು. “ಮೋರಿ ಅಗಲ ಮಾಡ್ಸಾದು ಪಂಚಾಯ್ತಿ ಕೆಲ್ಸ. ಅದ ನಾವು ಮಾಡನ...”

“ಮಾಡನವೋ, ಮಾಡ್ತೀಯೋ?” ಎಂದಳು ಸಿದ್ದಮ್ಮ. ನಾನು ಅವಳಿಗೆ ಸ್ಕಾಟ್ಲೆಂಡಿನ ಕತೆ ಹೇಳಿರಲಿಲ್ಲ.

ಮಹದೇವಮ್ಮ ನನ್ನ ಕಡೆ ನೋಡಿದಳು. “ಮಾಡ್ತೀನಿ” ಅಂದಳು.

ಬೇಗೂರು

ಈಗ ಪವಿತ್ರ ದಿನಾ ಬರುತ್ತಾಳೆ. ಹೊಂಗೇಹುಂಡಿಯ ಹುಡುಗಿಯರು ಕ್ಲಾಸಿಗೆ ಬಂದರೆ ಕೋಣೆಯೆಲ್ಲ ಚೆಂಡುಹೂವಿನ ವಾಸನೆ, ಜಡೆಯಲ್ಲಿ ಹಳದಿ ಎಸಳು. ಮೋರಿಯ ಹತ್ತಿರ ಜಲ್ಲಿ ಬಿದ್ದಿದೆ. ಕೆಲಸ ಇನ್ನೂ ಶುರುವಾಗಿಲ್ಲ, ಆದರೆ ಯಾವಾಗ ಶುರುವಾಗುತ್ತದೆ ಎಂದು ಯಾರು ಕೇಳಿದರೂ ಮಹದೇವಮ್ಮ ತಡ ಯಾಕೆಂದು ನಿಜ ಹೇಳುತ್ತಾಳೆ, ಬೈಸಿಕೊಳ್ಳುತ್ತಾಳೆ. ಮುಂದಿನ ಚುನಾವಣೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ. ನನ್ನ ವೋಟಂತೂ ಇದೆ.

ಮೊನ್ನೆ ಕೊನೆಯ ಪೀರಿಯಡ್ಡಿನ ಮೇಲೂ ಪಾಠ ಎಳೆಯುತ್ತಿದ್ದೆ. ಪವಿತ್ರ ಎದ್ದು ನಿಂತಳು. “ಮಿಸ್, ನಾಳೆಯಿಂದ ಟೆಂಪೋ ಒಸಿ ಬ್ಯಾಗ ಹೊರಡ್ತದಂತೆ. ಬೆಲ್ ಹೊಡೆದ ತಕ್ಷಣ ನಮ್ಮ ಬುಡ್ತೀರಾ?”

ನಾನು ಬೋರ್ಡಿನಿಂದ ಮುಖ ತಿರುಗಿಸದೆ, “ನೋಡನ ಬುಡಮ್ಮ” ಅಂದೆ.

ಅವಳು ಕೂರಲಿಲ್ಲ. ಅಜ್ಜಿಯ ಮೊಮ್ಮಗಳು. ಪುಸ್ತಕ ಎದೆಗೆ ಹಿಡಿದುಕೊಂಡು ನಿಂತೇ ಇದ್ದಳು.

“ನೋಡ್ತೀರಾ ಮಿಸ್, ಬುಡ್ತೀರಾ?”

ಸೀಮೆಸುಣ್ಣ ಕೆಳಗಿಟ್ಟೆ.

“ಬುಡ್ತೀನಿ” ಅಂದೆ.